ಆರೋಗ್ಯ ಪ್ರಶ್ನೋತ್ತರ: ಚೇಳಿನ ಎಣ್ಣೆ ಮತ್ತು ಬಿ.ಪಿ. ಗುಳಿಗೆ

ಪ್ರಶ್ನೆ: ವಯಸ್ಸು 57, ಹಳೇ ಹುಬ್ಬಳ್ಳಿಯಲ್ಲಿ ಕಿರಾಣಿ ಅಂಗಡಿ ಇದೆ. ಆರು ವರ್ಷದಿಂದ ರಾಮಿಪ್ರಿಲ್ ಗುಳಿಗೆ ನುಂಗುತ್ತಿದ್ದೇನೆ. ಚೇಳಿನ ವಿಷದಲ್ಲಿ ಬಿ.ಪಿ. ಇಳಿಸುವ ಅಂಶ ಸಿಕ್ಕಿದೆ ಎಂದು ಮೊಬೈಲಿಗೆ ಬಂದಿತ್ತು. ಸಂತೆಯಲ್ಲೊಬ್ಬರು ಚೇಳಿನ ಎಣ್ಣೆ ಮಾರುತ್ತಾರೆ. ದಿನಾ ಎರಡು ಹನಿ ಕುಡಿದು ಗುಳಿಗೆ ಬಿಡಬಹುದೇ ಸಾಹೇಬರೇ?

ಉತ್ತರ: ಬೇಡ. ಮೊಬೈಲಿಗೆ ಬಂದದ್ದು ಪೂರ್ತಿ ಸುಳ್ಳಾಗಿದ್ದರೆ ಒಂದೇ ಸಾಲಿನಲ್ಲಿ ಮುಗಿಸುತ್ತಿದ್ದೆ. ಅರ್ಧ ನಿಜ ಇರುವುದರಿಂದಲೇ ಸಿಟ್ಟು. ಬ್ರೆಜಿಲ್ಲಿನ ಟೈಟಿಯಸ್ ಸೆರುಲಾಟಸ್ ಎಂಬ ಹಳದಿ ಚೇಳಿನ ವಿಷದಲ್ಲಿ ‘ಪೆಪ್ಟೈಡ್ ಟಿ’ ಎಂಬ ಪ್ರೋಟೀನಿನ ಪುಟ್ಟ ತುಣುಕು ಇರುವುದನ್ನು 1993ರಲ್ಲಿ ವಿಜ್ಞಾನಿಗಳು ವರದಿ ಮಾಡಿದರು. ನಮ್ಮ ಮೈಯಲ್ಲೇ ಬ್ರಾಡಿಕೈನಿನ್ ಎಂಬ ವಸ್ತುವಿದೆ, ಅದು ರಕ್ತನಾಳಗಳನ್ನು ಸಡಿಲಿಸುತ್ತದೆ. ಅದರ ಬಲ ಹೆಚ್ಚಿಸುವುದು ಈ ತುಣುಕಿನ ಕೆಲಸ. ಆದರೆ ಅದು ಪ್ರಯೋಗಾಲಯದ ಮಾತು. ಗುಳಿಗೆಯಾಗಿ ಔಷಧ ಅಂಗಡಿಗೆ ಬಂದಿಲ್ಲ. ಬಾಯಿಂದ ಕುಡಿದ ಪೆಪ್ಟೈಡನ್ನು ಹೊಟ್ಟೆ ಬೇಳೆ ಸಾರಿನಂತೆ ಅರಗಿಸಿಬಿಡುತ್ತದೆ. ಇನ್ನು ಆ ಸೀಸೆಯಲ್ಲಿ ಚೇಳು ಇದೆಯೋ, ಬರೀ ಎಣ್ಣೆಯೋ, ಮಾರುವವರೇ ಬಲ್ಲರು.

ನೀವು ನುಂಗುತ್ತಿರುವ ಗುಳಿಗೆಯ ವಂಶವೂ ವಿಷದಿಂದಲೇ ಬಂದದ್ದು. ಬ್ರೆಜಿಲ್ಲಿನ ಜರರಾಕ ಹಾವಿನ ವಿಷದಲ್ಲಿ ಇಂಥದೇ ಅಂಶವನ್ನು ಸೆರ್ಜಿಯೋ ಫೆರೇರಾ 1965ರಲ್ಲಿ ತೋರಿಸಿದರು. ಅದರಿಂದ ಬಂದ ಟೆಪ್ರೊಟೈಡನ್ನು ಸೂಜಿಯಲ್ಲೇ ಕೊಡಬೇಕಿತ್ತು, ಬಾಯಿಂದ ನಡೆಯಲಿಲ್ಲ. ಆಮೇಲೆ ಕುಶ್ಮನ್, ಒಂಡೆಟ್ಟಿ ಎಂಬಿಬ್ಬರು ನುಂಗಬಹುದಾದ ಕ್ಯಾಪ್ಟೊಪ್ರಿಲ್ ರೂಪಿಸಿದರು. 1981ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ನಿಮ್ಮ ರಾಮಿಪ್ರಿಲ್ ಅದರ ತಮ್ಮ. ಅಳತೆ ಗೊತ್ತಿರುವ ಔಷಧ ಬಿಟ್ಟು ಅಳತೆಯಿಲ್ಲದ ಎಣ್ಣೆಗೆ ಹೋಗುವುದು ಯಾವ ವ್ಯಾಪಾರ?

ಆರು ವರ್ಷದಲ್ಲಿ ಕ್ರಿಯಾಟಿನಿನ್, ಪೊಟ್ಯಾಸಿಯಂ ಎಷ್ಟು ಸಲ ನೋಡಿಸಿದ್ದೀರಿ? ಪತ್ರದಲ್ಲಿ ಒಂದಕ್ಷರ ಇಲ್ಲ. ಈ ವಾರವೇ ಮಾಡಿಸಿ, ಮೂತ್ರದಲ್ಲಿ ಅಲ್ಬುಮಿನ್ ಮತ್ತು ಇಸಿಜಿ ಕೂಡ. ಅಂಗಡಿಯ ಹಪ್ಪಳ, ಸಂಡಿಗೆ, ಉಪ್ಪಿನಕಾಯಿ ಗಿರಾಕಿಗಳಿಗಿರಲಿ.

ಪ್ರಶ್ನೆ: ಎನಾಲಾಪ್ರಿಲ್ ಶುರು ಮಾಡಿದ ಮೇಲೆ ತಾಯಿಗೆ ಒಣಕೆಮ್ಮು. ರಾತ್ರಿ ನಿದ್ದೆಯಿಲ್ಲ.

ಉತ್ತರ: ರಾಮಿಪ್ರಿಲ್, ಎನಾಲಾಪ್ರಿಲ್ ಗುಂಪಿನ ಗುಳಿಗೆ ತೆಗೆದುಕೊಳ್ಳುವ ಕೆಲವರಿಗೆ ಹೀಗಾಗುತ್ತದೆ, ಗಾಬರಿ ಬೇಡ. ನೀವೇ ನಿಲ್ಲಿಸಬೇಡಿ, ವೈದ್ಯರನ್ನು ಕೇಳಿದರೆ ಟೆಲ್ಮಿಸಾರ್ಟನ್, ಲೋಸಾರ್ಟನ್‌ನಂಥದ್ದಕ್ಕೆ ಬದಲಿಸುತ್ತಾರೆ. ಎರಡು ವಾರ ದಾಟಿದ ಕೆಮ್ಮಿಗೆ ಎದೆಯ ಎಕ್ಸ್‌ರೇ, ಕಫ ಪರೀಕ್ಷೆ ಬಿಡಬೇಡಿ. ಗುಳಿಗೆಯ ಮೇಲೆ ತಪ್ಪು ಹೊರಿಸಿ ಕ್ಷಯವನ್ನು ಮರೆತವರನ್ನು ಕಂಡಿದ್ದೇನೆ. ತುಟಿ, ನಾಲಿಗೆ ಊದಿದರೆ ಮಾತ್ರ ಆ ಗುಳಿಗೆಯನ್ನು ಮತ್ತೆ ಕೊಡದೆ ತಕ್ಷಣ ಆಸ್ಪತ್ರೆಗೆ ಓಡಿ.

ಪ್ರಶ್ನೆ: ಮಗನಿಗೆ ಚೇಳು ಕಡಿದರೆ ಉಳ್ಳಾಗಡ್ಡಿ ತಿಕ್ಕಿ ಮಂತ್ರ ಹಾಕಿಸು ಎನ್ನುತ್ತಾರೆ ಅತ್ತೆ. ನಂಬಬಹುದೇ?

ಉತ್ತರ: ಅತ್ತೆಯವರಿಗೆ ನನ್ನ ನಮಸ್ಕಾರ. ಉಳ್ಳಾಗಡ್ಡಿ ಅಡುಗೆಗೆ ಇರಲಿ. ಕಡಿದ ಜಾಗದಲ್ಲಿ ಉರಿ ನೋವಷ್ಟೇ ಇದ್ದರೆ ಸಾಮಾನ್ಯವಾಗಿ ಭಯವಿಲ್ಲ. ಮಂತ್ರ ‘ಫಲಿಸುವುದು’ ಇಂಥವರಲ್ಲೇ. ಬೆವರು, ವಾಂತಿ, ತಣ್ಣಗಾದ ಕೈಕಾಲು, ಉಬ್ಬಸ ಕಂಡರೆ ಅದು ಬೇರೆ ಕಥೆ, ಅದರಲ್ಲೂ ಚಿಕ್ಕ ಮಕ್ಕಳಲ್ಲಿ. ನಮ್ಮ ಕಡೆಯ ಕೆಂಪು ಚೇಳಿನ ವಿಷ ಮೈಯಲ್ಲಿ ಅಡ್ರಿನಾಲಿನ್ ಉಕ್ಕಿಸಿ ಬಿ.ಪಿ.ಯನ್ನು ಏರಿಸುತ್ತದೆ, ಇಳಿಸುವುದಿಲ್ಲ. ಆಮೇಲೆ ಹೃದಯ ಸೋತು ಶ್ವಾಸಕೋಶದಲ್ಲಿ ನೀರು ತುಂಬುತ್ತದೆ. ಮೇಲಿನ ಎಣ್ಣೆ ಗಿರಾಕಿಯೂ ಇದನ್ನು ಓದಲಿ. ಕೆಂಪು ಚೇಳಿನ ವಿಷಕ್ಕೆ ಕೊಡುವ ಪ್ರಾಜೋಸಿನ್ ಮೂಲತಃ ಬಿ.ಪಿ. ಗುಳಿಗೆ. ಕೊಂಕಣದ ಮಹಾಡದಲ್ಲಿ ಡಾ. ಹಿಮ್ಮತರಾವ್ ಬಾವಸ್ಕರ್ ಇದನ್ನು ಬಳಕೆಗೆ ತಂದು ಎಷ್ಟೋ ಮಕ್ಕಳ ಜೀವ ಉಳಿಸಿದರು. 2022ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಪ್ರತಿವಿಷವೂ ಈಗ ಇದೆ. ಆದರೆ ಪ್ರಾಜೋಸಿನ್ ಮನೆಯಲ್ಲಿಟ್ಟುಕೊಂಡು ನೀವೇ ಕೊಡಬೇಡಿ. ಕಡಿದ ಜಾಗ ಕೊಯ್ಯಬೇಡಿ, ಬಿಗಿಯಾಗಿ ಕಟ್ಟಬೇಡಿ. ನೇರ ಹತ್ತಿರದ ದೊಡ್ಡ ಆಸ್ಪತ್ರೆಗೆ ಹೋಗಿ, ಇಸಿಜಿ ತೆಗೆಸಿ. ನಿಗಾದಲ್ಲಿಡಿ ಎಂದರೆ ಜಗಳವಾಡದೆ ಇರಿ.

ಪ್ರಶ್ನೆ: ಯಾದಗಿರಿ ಜಿಲ್ಲೆಯ ಕಂದಕೂರಿನಲ್ಲಿ ನಾಗರ ಪಂಚಮಿಯಂದು ಚೇಳುಗಳನ್ನು ಮೈಮೇಲೆ ಬಿಟ್ಟುಕೊಳ್ಳುತ್ತಾರಲ್ಲ, ಅವರಿಗೇಕೆ ಏನೂ ಆಗುವುದಿಲ್ಲ? ನನಗೆ ಆಗಾಗ ತಲೆ ತಿರುಗುತ್ತದೆ, ಅದಕ್ಕೂ ಮದ್ದು ಹೇಳಿ.

ಉತ್ತರ: ಚೇಳುಗಳಲ್ಲಿ ಜಾತಿ ಹಲವು, ಎಲ್ಲವೂ ಜೀವ ತೆಗೆಯುವಂಥವಲ್ಲ, ಕುಟುಕಿದಾಗಲೆಲ್ಲ ವಿಷ ಬಿಡಲೇಬೇಕೆಂದೂ ಇಲ್ಲ. ಅಲ್ಲಿನ ದೇವಿಯ ಮೇಲಿನ ಭಕ್ತಿ ನಿಮಗಿರಲಿ, ನಿಮ್ಮ ಹಿತ್ತಲ ಕಲ್ಲಿನ ಸಂದಿಗೆ ಬರಿಗೈ ಹಾಕಬೇಡಿ. ತಲೆ ತಿರುಗುವುದನ್ನು ಕೊನೆಗೆ ಬರೆದಿದ್ದೀರಿ, ನನಗೆ ಅದೇ ಮುಖ್ಯ. ಬಿ.ಪಿ. ಕೂತು ಒಮ್ಮೆ, ಎದ್ದು ನಿಂತು ಒಮ್ಮೆ ನೋಡಿಸಿ. ಹಿಮೋಗ್ಲೋಬಿನ್, ಸಕ್ಕರೆ ಪರೀಕ್ಷೆಯೂ ಆಗಲಿ. ವರದಿ ಬಂದ ಮೇಲೆ ಬರೆಯಿರಿ, ಈಗ ಯಾವ ಗುಳಿಗೆಯ ಹೆಸರನ್ನೂ ಹೇಳುವುದಿಲ್ಲ.