ಹಗುರ ಗಾಡಿಗೆ ತಕ್ಕ ಗೇರು

ಮೈಸೂರಿನಿಂದ ಹುಣಸೂರಿಗೆ ಹೋಗುವ ಹೆದ್ದಾರಿಯಲ್ಲಿ ಇಲವಾಲವೆಂಬ ಊರಿದೆ. 1957ರಲ್ಲಿ ಇಲ್ಲಿ ನಡೆದ ಗ್ರಾಮದಾನ ಸಮ್ಮೇಳನಕ್ಕೆ ಆಚಾರ್ಯ ವಿನೋಬಾ ಭಾವೆಯವರೂ ಪ್ರಧಾನಿ ಜವಾಹರಲಾಲ್ ನೆಹರೂ ಅವರೂ ಬಂದಿದ್ದರು. ಭೂಮಿಯನ್ನು ಕುರಿತ ಆ ದೊಡ್ಡ ಮಾತುಕತೆಗೆ ನೆಲೆಯಾದ ಹೋಬಳಿಯಲ್ಲಿ ಈಗ ರಾಗಿಯ ಹೊಲಗಳ ಮಗ್ಗುಲಲ್ಲೇ ಕಾರ್ಖಾನೆಗಳು ತಲೆಯೆತ್ತಿವೆ. ಬೆಳವಾಡಿಯ ಬಳಿಯಿರುವ ಬಿ.ಇ.ಎಂ.ಎಲ್. ಕಾರ್ಖಾನೆ ಅವುಗಳಲ್ಲೊಂದು. 1964ರಲ್ಲಿ ಸ್ಥಾಪಿತವಾದ ಈ ಸಂಸ್ಥೆಯು 1984ರಲ್ಲಿ ಇಲ್ಲಿ ಲಾರಿಗಳ ವಿಭಾಗವನ್ನು ತೆರೆಯಿತು. ಇಲ್ಲಿ ಸಿದ್ಧವಾಗುವ ಡಂಪರುಗಳು ಸಾಮಾನ್ಯ ರಸ್ತೆಗಿಳಿಯುವಂಥವಲ್ಲ. ಗಣಿಗಳೇ ಅವುಗಳ ಕಾರ್ಯಕ್ಷೇತ್ರ. ಒಂದೊಂದು 35 ಟನ್, 60 ಟನ್, 100 ಟನ್ ಹೊರೆಯನ್ನು ಹೊರುತ್ತದೆ. ಇಂತಹ ದೈತ್ಯವಾಹನವನ್ನು ಚಾಲಕನು ಕ್ಲಚ್ಚನ್ನು ತುಳಿಯದೆಯೇ ನಡೆಸುತ್ತಾನೆಂದರೆ ಮೊದಲ ಸಲ ಕೇಳಿದವರಿಗೆ ಆಶ್ಚರ್ಯವಾಗುತ್ತದೆ.

ಎತ್ತು ನಿಂತಲ್ಲಿಂದಲೇ ತನ್ನ ಪೂರ್ಣಬಲವನ್ನು ಹಾಕಿ ಗಾಡಿಯನ್ನು ಎಳೆಯಬಲ್ಲದು. ಎಂಜಿನ್ನಿಗೆ ಆ ಸಾಮರ್ಥ್ಯವಿಲ್ಲ. ಅದು ಮೊದಲು ತಾನು ತಿರುಗುತ್ತಿರಬೇಕು. ನಿಮಿಷಕ್ಕೆ ಸಾವಿರ ಸುತ್ತುಗಳನ್ನಾದರೂ ದಾಟಿದ ಮೇಲೆಯೇ ಅದಕ್ಕೆ ಹೇಳಿಕೊಳ್ಳುವಂತಹ ಬಲ ಬರುತ್ತದೆ. ನಿಂತ ಚಕ್ರಕ್ಕೆ ತಿರುಗುವ ಎಂಜಿನ್ನನ್ನು ಒಮ್ಮೆಲೇ ಜೋಡಿಸಿದರೆ ಎಂಜಿನ್ನೇ ನಿಂತುಹೋಗುವುದು. ಆದುದರಿಂದ ಎರಡರ ನಡುವೆ ಮೆಲ್ಲಮೆಲ್ಲನೆ ಹಿಡಿತ ಕೊಡುವ ಕ್ಲಚ್ಚೂ, ವೇಗವನ್ನು ತಗ್ಗಿಸಿ ಬಲವನ್ನು ಹೆಚ್ಚಿಸುವ ಗೇರುಗಳೂ ಬೇಕಾಗುತ್ತವೆ. ಈ ತಿರುಗಿಸುವ ಬಲಕ್ಕೇ ಟಾರ್ಕ್ ಎಂದು ಹೆಸರು. 100 ಟನ್ ಹೊರೆಯನ್ನು ಗಣಿಯ ಏರಿನಲ್ಲಿ ಹೊರಡಿಸುವಾಗ ಕ್ಲಚ್ಚಿನ ಫಲಕವು ಉಜ್ಜಿ ಸುಟ್ಟುಹೋಗಲು ಹೆಚ್ಚು ದಿನ ಬೇಕಿಲ್ಲ. ಅಲ್ಲಿ ಲೋಹಕ್ಕೆ ಬದಲಾಗಿ ಎಣ್ಣೆಯು ಬಲವನ್ನು ದಾಟಿಸುವ ಕೆಲಸಕ್ಕೆ ಬರುತ್ತದೆ.

ಎರಡು ವಿದ್ಯುತ್ ಪಂಖಗಳನ್ನು ಎದುರುಬದುರಾಗಿಟ್ಟು ಒಂದನ್ನು ಮಾತ್ರ ಚಾಲೂ ಮಾಡಿದರೆ, ಅದರ ಗಾಳಿಗೆ ಇನ್ನೊಂದರ ರೆಕ್ಕೆಗಳೂ ತಿರುಗತೊಡಗುತ್ತವೆ. ಟಾರ್ಕ್ ಕನ್ವರ್ಟರಿನ ಮರ್ಮವೂ ಇದೇ. ಎಣ್ಣೆ ತುಂಬಿದ ಮುಚ್ಚಿದ ಗೂಡಿನೊಳಗೆ ಎಂಜಿನ್ನಿಗೆ ಸೇರಿದ ಚಕ್ರವೊಂದು ಎಣ್ಣೆಯನ್ನು ರಭಸದಿಂದ ಎಸೆಯುತ್ತದೆ, ಇದು ಪಂಪು. ಎದುರಿನ ಚಕ್ರ ಆ ಹೊಡೆತಕ್ಕೆ ತಿರುಗಿ ಗೇರುಪೆಟ್ಟಿಗೆಯನ್ನು ನಡೆಸುತ್ತದೆ, ಇದು ಟರ್ಬೈನು. 1902ರಿಂದ ಶಿವನಸಮುದ್ರದಲ್ಲಿ ಕಾವೇರಿಯ ನೀರು ಮಾಡುತ್ತ ಬಂದ ಕೆಲಸವನ್ನೇ ಇಲ್ಲಿ ಎಣ್ಣೆ ಮಾಡುತ್ತದೆ. ನಡುವೆ ಮೂರನೆಯ ಚಕ್ರವೊಂದಿದೆ. ಟರ್ಬೈನನ್ನು ಹೊಡೆದು ಹಿಂದಿರುಗುವ ಎಣ್ಣೆಯ ದಿಕ್ಕನ್ನು ತಿರುಗಿಸಿ ಅದು ಮತ್ತೆ ಪಂಪಿಗೇ ನೆರವಾಗುವಂತೆ ಮಾಡುವುದು ಇದರ ಕೆಲಸ. ಹೆಸರು ಸ್ಟೇಟರು. ಇದರಿಂದಾಗಿ ವಾಹನ ಹೊರಡುವ ಗಳಿಗೆಯಲ್ಲಿ ಎಂಜಿನ್ನಿನ ಟಾರ್ಕು ಎರಡು ಪಟ್ಟು, ಕೆಲವೊಮ್ಮೆ ಅದಕ್ಕೂ ಮಿಗಿಲಾಗಿ ಬೆಳೆಯುತ್ತದೆ. ಜರ್ಮನಿಯ ಹೆರ್ಮನ್ ಫೊಟ್ಟಿಂಗರ್ ಎಂಬ ಎಂಜಿನಿಯರು 1905ರಲ್ಲಿ ಈ ತತ್ತ್ವಕ್ಕೆ ಪೇಟೆಂಟ್ ಪಡೆದುದು ಮೋಟಾರು ಗಾಡಿಗಾಗಿ ಅಲ್ಲ, ಹಡಗಿಗಾಗಿ. ಕಾರುಗಳಿಗೆ ಅದು ವ್ಯಾಪಕವಾಗಿ ಬಂದುದು 1940ರ ದಶಕದ ಕೊನೆಯಲ್ಲಿ, ಅಮೆರಿಕದಲ್ಲಿ.

ಭಾರದ ವಾಹನಕ್ಕೆ ಇಷ್ಟು ಒಪ್ಪುವ ಉಪಕರಣವು ಹಗುರವಾದ ವಾಹನಕ್ಕೂ ಒಪ್ಪುವುದೆ? ಪ್ರಶ್ನೆ ಸುಲಭವಾಗಿ ಕಾಣುತ್ತದೆ, ಉತ್ತರ ಹಾಗಿಲ್ಲ. ಇದನ್ನು ಒರೆಗೆ ಹಚ್ಚಲು ಕರ್ನಾಟಕದ ನಂಟಿರುವ ಕಾರೊಂದಿದೆ. ಬೆಂಗಳೂರಿನ ಸ್ಯಾನ್ ಸಂಸ್ಥೆಯು 1990ರ ದಶಕದ ಕೊನೆಯಲ್ಲಿ ‘ಸ್ಯಾನ್ ಸ್ಟಾರ್ಮ್’ ಎಂಬ ಇಬ್ಬರು ಕೂರುವ, ಮೇಲ್ಛಾವಣಿ ತೆರೆಯುವ ಕಾರನ್ನು ಹೊರತಂದಿತು. ಫೈಬರ್ ಗ್ಲಾಸಿನ ಒಡಲು, 1.2 ಲೀಟರಿನ ರೆನೋ ಎಂಜಿನ್ನು, ಸುಮಾರು 60 ಅಶ್ವಶಕ್ತಿ. ತೂಕ ಒಂದು ಟನ್ನಿಗೂ ಕಡಿಮೆ. ಅದಕ್ಕಿದ್ದುದು ಕೈಯಿಂದ ಬದಲಿಸುವ ಗೇರುಗಳು. ಅಂತಹ ಕಾರಿಗೆ ಸ್ವಯಂಚಾಲಿತ ಗೇರುಪೆಟ್ಟಿಗೆಯನ್ನು ಕೂರಿಸಬೇಕೆಂದು ಒಬ್ಬ ಉತ್ಸಾಹಿ ಮೆಕ್ಯಾನಿಕ್ ಹೊರಟನೆನ್ನೋಣ. ಹಳೆಯ ದೊಡ್ಡ ಕಾರೊಂದರ ಗೇರುಪೆಟ್ಟಿಗೆ ಅಗ್ಗದ ಬೆಲೆಗೆ ಅವನ ಕೈಗೆ ಸಿಕ್ಕಿದೆ. ದೊಡ್ಡದಾದರೆ ಗಟ್ಟಿಯಾಗಿಯೂ ಇರುತ್ತದೆಂಬುದು ಅವನ ಲೆಕ್ಕ. ಲೆಕ್ಕ ತಪ್ಪುವುದು ಇಲ್ಲಿಯೇ.

ಬ್ರೇಕನ್ನು ಬಿಗಿಯಾಗಿ ಹಿಡಿದು, ಗೇರಿನಲ್ಲಿಟ್ಟು, ಎಂಜಿನ್ನಿಗೆ ಪೂರ್ಣ ಇಂಧನ ಕೊಟ್ಟಾಗ ಅದು ಎಷ್ಟು ವೇಗದವರೆಗೆ ಏರಬಲ್ಲುದೋ ಅದನ್ನು ಸ್ಟಾಲ್ ವೇಗವೆನ್ನುತ್ತಾರೆ. ಕನ್ವರ್ಟರೊಂದು ಹೀರುವ ಟಾರ್ಕು ವೇಗದ ವರ್ಗಕ್ಕೆ ಅನುಗುಣವಾಗಿ ಹೆಚ್ಚುತ್ತದೆ. ಆದುದರಿಂದ ದೊಡ್ಡ ಎಂಜಿನ್ನಿನ ಹಿಂದೆ 2,000 ಸುತ್ತುಗಳ ಸ್ಟಾಲ್ ವೇಗ ತೋರುತ್ತಿದ್ದ ಕನ್ವರ್ಟರನ್ನು, ಕಾಲುಭಾಗ ಟಾರ್ಕುಳ್ಳ ಎಂಜಿನ್ನಿಗೆ ಜೋಡಿಸಿದರೆ ಆ ವೇಗ ಅರ್ಧಕ್ಕೆ, ಎಂದರೆ 1,000 ಸುತ್ತುಗಳಿಗೆ ಇಳಿಯುತ್ತದೆ. ಸಣ್ಣ ಎಂಜಿನ್ನಿಗೆ ಬಲ ಬರುವುದೇ ಅದಕ್ಕಿಂತ ಬಹಳ ಮೇಲೆ. ಪಾಪ, ಅದು ಎಣ್ಣೆಯ ಕೆಸರಿನಲ್ಲಿ ಕಾಲು ಹೂತುಕೊಂಡಂತೆ ಏದುಸಿರು ಬಿಡುತ್ತದೆ. ಹಗುರವಾದ ಕಾರು ಹೊರಡುವಾಗ ಲಾರಿಗಿಂತ ಮಂದವಾಗುತ್ತದೆ.

ಇದಕ್ಕೆ ಪರಿಹಾರವೆಂದರೆ ಕನ್ವರ್ಟರಿನ ವ್ಯಾಸವನ್ನು ಕಡಿಮೆ ಮಾಡುವುದು. ಹೀರುವ ಟಾರ್ಕು ವ್ಯಾಸದ ಐದನೆಯ ಘಾತಕ್ಕೆ ಅನುಗುಣವಾಗಿರುತ್ತದೆ. ವ್ಯಾಸವನ್ನು ಹತ್ತರಲ್ಲಿ ಒಂದು ಪಾಲು ಕುಗ್ಗಿಸಿದರೆ 0.9ನ್ನು ಐದು ಸಲ ಗುಣಿಸಿದಷ್ಟು, ಎಂದರೆ 0.59ರಷ್ಟು ಸಾಮರ್ಥ್ಯ ಮಾತ್ರ ಉಳಿಯುತ್ತದೆ. ಆಗ 2,000 ಸುತ್ತುಗಳ ಸ್ಟಾಲ್ ವೇಗ ಸುಮಾರು 2,600ಕ್ಕೆ ಏರುತ್ತದೆ. ಬೆರಳಗಲದ ವ್ಯತ್ಯಾಸ ಕಾರಿನ ಸ್ವಭಾವವನ್ನೇ ಬದಲಿಸಬಲ್ಲುದೆಂಬುದು ಈ ಲೆಕ್ಕದಿಂದ ತಿಳಿಯುತ್ತದೆ. ಹಾಗೆಂದು ವ್ಯಾಸವನ್ನು ಮನಬಂದಂತೆ ಇಳಿಸುವಂತಿಲ್ಲ. ಸ್ಟಾಲ್ ವೇಗ ಅತಿಯಾದರೆ ಎಂಜಿನ್ನು ಕೂಗುತ್ತದೆ, ಕಾರು ನಿಧಾನವಾಗಿ ಅನುಸರಿಸುತ್ತದೆ, ನಡುವಣ ಶಕ್ತಿಯೆಲ್ಲ ಎಣ್ಣೆಯನ್ನು ಕಾಯಿಸುವುದಕ್ಕೆ ವ್ಯಯವಾಗುತ್ತದೆ. ಕಾದ ಎಣ್ಣೆ ಬೇಗ ಕೆಡುತ್ತದೆ. ಎಣ್ಣೆ ತಣಿಸುವ ಸಣ್ಣ ರೇಡಿಯೇಟರನ್ನು ಬಿಡಿಸಿ ಖರ್ಚು ಉಳಿಸುವವನು ಮುಂದೆ ಗೇರುಪೆಟ್ಟಿಗೆಯನ್ನೇ ಕಳೆದುಕೊಳ್ಳುತ್ತಾನೆ.

ಗೇರುಪೆಟ್ಟಿಗೆಯೂ ತನ್ನ ಪಾಲಿನ ಶಕ್ತಿಯನ್ನು ತಿನ್ನುತ್ತದೆ. ಅದರ ಎಣ್ಣೆಯ ಪಂಪು ಐದು ಅಶ್ವಶಕ್ತಿಯನ್ನು ಕಬಳಿಸಿತೆಂದುಕೊಂಡರೆ, ಸಾವಿರ ಅಶ್ವಶಕ್ತಿಯ ಡಂಪರಿಗೆ ಅದು ಗೊತ್ತೇ ಆಗದು; 60 ಅಶ್ವಶಕ್ತಿಯ ಕಾರಿಗೆ ಹನ್ನೆರಡರಲ್ಲಿ ಒಂದು ಪಾಲು ಹೋದಂತೆ. ಆದಕಾರಣ ಹಗುರ ಕಾರಿಗೆ ಸಣ್ಣ ಎಂಜಿನ್ನಿಗೆಂದೇ ರೂಪಿಸಿದ, ಕಡಿಮೆ ತೂಕದ ಪೆಟ್ಟಿಗೆಯನ್ನು ಆರಿಸುವುದು ಉಚಿತ. ಗೇರುಗಳು ಎರಡೇ ಇದ್ದರೆ ಸಣ್ಣ ಎಂಜಿನ್ನು ಒಂದರಿಂದ ಇನ್ನೊಂದಕ್ಕೆ ಜಿಗಿಯುವಾಗ ಸೋಲುತ್ತದೆ, ನಾಲ್ಕಾದರೂ ಬೇಕು. ವೇಗ ಕೂಡಿದ ಮೇಲೆ ಪಂಪನ್ನೂ ಟರ್ಬೈನನ್ನೂ ಒಂದಾಗಿ ಬಿಗಿದು ಜಾರಿಕೆಯನ್ನು ನಿಲ್ಲಿಸುವ ಲಾಕಪ್ ಕ್ಲಚ್ಚು ಇರುವ ಕನ್ವರ್ಟರಾದರೆ ಪೆಟ್ರೋಲೂ ಉಳಿಯುತ್ತದೆ. ಜಪಾನಿನ ಮಾಜ್ದಾ ಸಂಸ್ಥೆಯು 1989ರಲ್ಲಿ ಹೊರತಂದ ಹಗುರವಾದ ತೆರೆದ ಕಾರಿಗೆ ಬೇಕೆಂದವರಿಗಾಗಿ ನಾಲ್ಕು ಗೇರುಗಳ ಸ್ವಯಂಚಾಲಿತ ಪೆಟ್ಟಿಗೆಯೂ ಬಂದಿತು.

ಕನ್ವರ್ಟರೇ ಬೇಡವೆನ್ನುವವರಿಗೆ ಇನ್ನೊಂದು ದಾರಿಯಿದೆ. ಅದನ್ನು ಹುಡುಕಲು ದೂರ ಹೋಗಬೇಕಿಲ್ಲ. 1961ರಿಂದ 1996ರವರೆಗೆ ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ಮೋಟಾರು ಸೈಕಲುಗಳು ತಯಾರಾಗುತ್ತಿದ್ದವು. ಅಲ್ಲಿಯ 250 ಸಿ.ಸಿ. ಜಾವಾದಲ್ಲಿ ಗೇರಿನ ಸನ್ನೆಯನ್ನು ಕಾಲಿನಿಂದ ಒತ್ತಿದೊಡನೆ ಕ್ಲಚ್ಚು ತಾನಾಗಿ ಬಿಡುತ್ತಿತ್ತು; ಓಡುತ್ತಿರುವಾಗ ಎಡಗೈಗೆ ಕೆಲಸವಿರಲಿಲ್ಲ. ಎಣ್ಣೆಯ ಚಕ್ರಗಳಿಲ್ಲ, ಹೆಚ್ಚಿನ ತೂಕವಿಲ್ಲ. 2014ರಿಂದ ಭಾರತದ ಸಣ್ಣ ಕಾರುಗಳಿಗೆ ಬಂದಿರುವ ಎ.ಎಂ.ಟಿ. ಎಂಬ ಏರ್ಪಾಡಿನ ಹಿಂದಿರುವುದೂ ಇದಕ್ಕೆ ಹತ್ತಿರದ ಆಲೋಚನೆಯೇ: ಗೇರುಪೆಟ್ಟಿಗೆ ಹಳೆಯದೇ, ಕ್ಲಚ್ಚನ್ನೂ ಗೇರನ್ನೂ ಯಂತ್ರವೇ ನಡೆಸುತ್ತದೆ. ಗೇರು ಬದಲಾಗುವಾಗ ಕಾರು ಒಂದಿಷ್ಟು ಮುಗ್ಗರಿಸಿದಂತಾಗುವುದುಂಟು. ನಯವೇ ಮುಖ್ಯವಾದರೆ ಚಿಕ್ಕ ಕನ್ವರ್ಟರು, ತೂಕ ಮತ್ತು ಖರ್ಚು ಮುಖ್ಯವಾದರೆ ಎ.ಎಂ.ಟಿ. ಮೇಲು.

ಯಾವುದನ್ನು ಆರಿಸಿದರೂ ಚಾಮುಂಡಿಬೆಟ್ಟದಂತಹ ಇಳಿಜಾರನ್ನು ಮರೆಯಬಾರದು. ಏರುವಾಗ ಯಂತ್ರ ತಾನೇ ಗೇರನ್ನು ಇಳಿಸಿಕೊಳ್ಳುತ್ತದೆ. ಇಳಿಯುವಾಗ ಚಾಲಕನು ಇಂಧನದ ಪೆಡಲಿನಿಂದ ಕಾಲು ತೆಗೆದೊಡನೆ ಭಾರ ಕಡಿಮೆಯಾಯಿತೆಂದು ಬಗೆದು ಮೇಲಿನ ಗೇರಿಗೆ ಹೋಗುವ ಪೆಟ್ಟಿಗೆಗಳುಂಟು. ಆಗ ಎಂಜಿನ್ನಿನ ತಡೆ ತಪ್ಪಿ ಭಾರವೆಲ್ಲ ಬ್ರೇಕಿನ ಮೇಲೆ ಬೀಳುತ್ತದೆ. ಕೆಳಗಿನ ಗೇರನ್ನು ಕೈಯಿಂದಲೇ ಹಿಡಿದಿಡುವ ಸನ್ನೆ ಇದೆಯೇ ಎಂಬುದನ್ನು, ಹಣ ಕೊಡುವ ಮೊದಲೇ, ಆ ಮೆಕ್ಯಾನಿಕ್ ನೋಡಿಕೊಳ್ಳಬೇಕು.