ಗೊರಕೆ: ಸುಖನಿದ್ರೆಯೋ, ರೋಗವೋ?



ನಮ್ಮ ಸುತ್ತಿನ ಒಂದು ಹಳ್ಳಿಯಲ್ಲಿ ರೈತರೊಬ್ಬರು ಟ್ರಾಕ್ಟರ್ ಓಡಿಸುತ್ತ ಹಾಡುಹಗಲೇ ತೂಕಡಿಸಿ ಕಾಲುವೆಯ ಏರಿಯಿಂದ ಜಾರಿದರು. ಜನ ಕುಡಿತವೆಂದರು. ಕಾರಣ ಕುಡಿತವಲ್ಲ. ರಾತ್ರಿ ನಿದ್ರೆಯಲ್ಲಿ ಅವರ ಉಸಿರು ಮತ್ತೆ ಮತ್ತೆ ನಿಲ್ಲುತ್ತಿತ್ತು. ಮನೆಯಾಕೆ ಇದನ್ನು ವರ್ಷಗಳಿಂದ ಕಂಡಿದ್ದರೂ ಹೇಳಲು ಸಂಕೋಚಪಟ್ಟಿದ್ದರು.

ಗೊರಕೆಯೆಲ್ಲ ರೋಗವಲ್ಲ. ಆದರೆ ಗೊರಕೆ ತಟ್ಟನೆ ನಿಂತು, ಉಸಿರಾಡದೆ, ಬಳಿಕ ಏದುಸಿರಿನೊಡನೆ ಮತ್ತೆ ಶುರುವಾದರೆ ಎಚ್ಚರ ವಹಿಸಬೇಕು. ವೈದ್ಯರು ಇದನ್ನು ‘ಸ್ಲೀಪ್ ಆಪ್ನಿಯ’ ಎನ್ನುತ್ತಾರೆ. ಉಸಿರು 10 ಸೆಕೆಂಡು ಅಥವಾ ಹೆಚ್ಚು ಹೊತ್ತು ನಿಲ್ಲುವುದು ಗಂಟೆಗೆ 5 ಸಲ ದಾಟಿದರೆ ಚಿಕಿತ್ಸೆಯ ವಿಚಾರ ಮಾಡಬೇಕು.

ಹೀಗೇಕಾಗುತ್ತದೆ? ಪಂಪಿನ ಹೀರುಕೊಳವೆ ಮೆತ್ತಗಿದ್ದರೆ ಒಳಕ್ಕೆ ಕುಸಿದು ನೀರು ನಿಲ್ಲುವುದನ್ನು ನೀವು ಬಲ್ಲಿರಿ. ನಿದ್ರೆಯಲ್ಲಿ ಸಡಿಲವಾದ ಗಂಟಲೂ ಹಾಗೆಯೇ ಮುಚ್ಚಿಕೊಳ್ಳುತ್ತದೆ.

ಯಾರಲ್ಲಿ ಏನು ಚಿಕಿತ್ಸೆ?

1. ಶ್ವಾಸಕೋಶದ ವೈದ್ಯರು ರಾತ್ರಿಯ ನಿದ್ರಾ ಪರೀಕ್ಷೆ ಮಾಡಿಸುತ್ತಾರೆ. ಅಗತ್ಯವಿದ್ದರೆ ಮೂಗಿಗೆ ಕಟ್ಟುವ ‘ಸಿಪ್ಯಾಪ್’ ಯಂತ್ರ ಕೊಡುತ್ತಾರೆ. 1981ರಲ್ಲಿ ಆಸ್ಟ್ರೇಲಿಯಾದ ಡಾ. ಕಾಲಿನ್ ಸಲ್ಲಿವನ್ ಬಳಕೆಗೆ ತಂದ ಈ ಉಪಾಯದಲ್ಲಿ ಗಾಳಿಯ ಒತ್ತಡವೇ ಗಂಟಲನ್ನು ತೆರೆದಿಡುತ್ತದೆ.

2. ಮಕ್ಕಳು ಗೊರಕೆ ಹೊಡೆದು ಬಾಯಲ್ಲಿ ಉಸಿರಾಡುತ್ತಿದ್ದರೆ ಕಿವಿ-ಮೂಗು-ಗಂಟಲಿನ ವೈದ್ಯರಿಗೆ ತೋರಿಸಿ. ಟಾನ್ಸಿಲ್ ಊದಿರಬಹುದು.

3. ರೋಗ ಸೌಮ್ಯವಾಗಿದ್ದರೆ, ಕೆಳದವಡೆಯನ್ನು ಮುಂದಕ್ಕೆ ಹಿಡಿದಿಡುವ ಸಾಧನವನ್ನು ದಂತವೈದ್ಯರು ಮಾಡಿಕೊಡಬಲ್ಲರು.

4. ಮಾತ್ರೆ ನುಂಗಿದರೂ ರಕ್ತದೊತ್ತಡ ಇಳಿಯದಿದ್ದರೆ ಗೊರಕೆಯ ಸಂಗತಿಯನ್ನು ಆ ವೈದ್ಯರಿಗೂ ತಿಳಿಸಿ.

5. ಯಾವುದೇ ಶಸ್ತ್ರಚಿಕಿತ್ಸೆಗೆ ಮುಂಚೆ ಅರಿವಳಿಕೆ ಕೊಡುವ ವೈದ್ಯರಿಗೆ ತಪ್ಪದೆ ಹೇಳಿ. ಅರಿವಳಿಕೆಯಿಂದಲೂ ನೋವಿನ ಕೆಲವು ಔಷಧಿಗಳಿಂದಲೂ ಉಸಿರು ಮತ್ತಷ್ಟು ಕಟ್ಟಬಹುದು.

ಈ ವೈದ್ಯರೆಲ್ಲ ಒಂದೆಡೆ ಕುಳಿತು ನಿಮ್ಮ ವಿಚಾರ ಮಾತನಾಡುವುದು ಅಪರೂಪ. ಒಬ್ಬರ ಮಾತನ್ನು ಇನ್ನೊಬ್ಬರಿಗೆ ಮುಟ್ಟಿಸುವವರು ನೀವೇ. ಆದ್ದರಿಂದ ಎಲ್ಲ ಚೀಟಿಗಳನ್ನೂ ಒಂದೇ ಚೀಲದಲ್ಲಿಟ್ಟು, ಹೋದಲ್ಲೆಲ್ಲ ತೋರಿಸಿ.

ಮನೆಯಲ್ಲಿ ಮಾಡಬೇಕಾದುದು: ಮೈತೂಕ ಹೆಚ್ಚಿದ್ದರೆ ಇಳಿಸಿ. ಅಂಗಾತ ಮಲಗದೆ ಮಗ್ಗುಲಾಗಿ ಮಲಗಿ. ಮದ್ಯ ಬೇಡ. ವೈದ್ಯರನ್ನು ಕೇಳದೆ ನಿದ್ರೆಮಾತ್ರೆ ಬೇಡ. ತೂಕಡಿಕೆ ಇರುವಾಗ ವಾಹನ ನಡೆಸಬೇಡಿ.

ತಾಯಂದಿರಲ್ಲಿ ಒಂದು ಬಿನ್ನಹ. ಮಲಗಿದವರಿಗೆ ತಮ್ಮ ರೋಗ ತಿಳಿಯದು, ಪಕ್ಕದವರಿಗೇ ತಿಳಿಯುವುದು. ಇಂದು ರಾತ್ರಿ ಗಡಿಯಾರ ಹಿಡಿದು ಕಿವಿಗೊಡಿ. ಕಂಡದ್ದನ್ನು ಬರೆದಿಟ್ಟು ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ತಿಳಿಸಿ. ಇದರಲ್ಲಿ ನಾಚಿಕೆಪಡುವಂಥದು ಏನೂ ಇಲ್ಲ.

— ನಿಮ್ಮ ಗ್ರಾಮಸೇವಕ