ಮಗು ಹುಟ್ಟಿದ ಮೇಲೆ ನಮ್ಮ ದುಡಿಮೆ: ಮುಂದಿನ 30 ವರ್ಷ



ಬ್ಯಾಡಗಿಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವವರಲ್ಲಿ, ರಾಣೆಬೆನ್ನೂರು ಭಾಗದ ಬೀಜೋತ್ಪಾದನೆ ಹೊಲಗಳಲ್ಲಿ ಕ್ರಾಸಿಂಗ್ ಮಾಡುವವರಲ್ಲಿ ತಾಯಂದಿರು ಬಹಳ. ಕೂಸು ಸಣ್ಣದಿದ್ದಾಗ ಇಂಥ ಕೆಲಸ ಅನುಕೂಲ ಅನ್ನಿಸುತ್ತದೆ. ಮನೆ ಹತ್ತಿರ, ಬಿಡಿಸಿದಷ್ಟಕ್ಕೆ ಕೂಲಿ. ಆದರೆ ಮಕ್ಕಳು ಸಾಲಿಗೆ ಹೋದ ಮೇಲೂ ನಾವು ಅಲ್ಲೇ ಕುಳಿತಿರುತ್ತೇವೆ. ಯಾಕೆ?

ಒಂದು ಲೆಕ್ಕ ಮಾಡೋಣ. 21ಕ್ಕೆ ಮೊದಲ ಹೆರಿಗೆ, 24ಕ್ಕೆ ಎರಡನೆಯದು ಅಂತ ಇಟ್ಟುಕೊಳ್ಳಿ. ಎರಡನೇ ಮಗುವಿಗೆ 6 ತುಂಬಿದಾಗ ತಾಯಿಗೆ 30. ಅರವತ್ತರ ತನಕ ದುಡಿದರೆ ಇನ್ನೂ 30 ವರ್ಷ! ಮಗುವಿನ ಸಲುವಾಗಿ ಹಿಡಿದ ಕೆಲಸ ಇಡೀ ಬಾಳಿನ ಕೆಲಸ ಆಗಬೇಕಿಲ್ಲ.

ನಾವು ಮಾಡಬಹುದಾದದ್ದು:

1. ಮಗುವಿಗೆ ಜಾಗ: ಖಾರದ ಘಾಟಿನಲ್ಲಿ ಕೂಸನ್ನು ಕೂರಿಸಬೇಡಿ. 3 ವರ್ಷ ತುಂಬಿದರೆ ಅಂಗನವಾಡಿ ಇದೆ. ಅದಕ್ಕೂ ಸಣ್ಣವರಿಗಾಗಿ ರಾಜ್ಯ ಸರ್ಕಾರ 2023ರಲ್ಲಿ ‘ಕೂಸಿನ ಮನೆ’ ಆರಂಭಿಸಿತು. ನಿಮ್ಮ ಪಂಚಾಯ್ತಿಯಲ್ಲಿ ಇದೆಯೇ ಅಂತ ಸಂಘದವರೆಲ್ಲ ಕೂಡಿ ಹೋಗಿ ಕೇಳಿ.

2. ಕೈಯಲ್ಲಿರುವ ವಿದ್ಯೆ: ಹತ್ತಿಯಲ್ಲಿ ಸಂಜೆ ಮೊಗ್ಗಿನ ಗಂಡುಭಾಗ ತೆಗೆದು, ಮರುದಿನ ಬೆಳಿಗ್ಗೆ ಬೇರೆ ತಳಿಯ ಪರಾಗ ಮುಟ್ಟಿಸುವುದು ಬರೀ ಕೂಲಿ ಅಲ್ಲ, ವಿದ್ಯೆ. ಡಬ್ಬಿ ಯಾವುದು, ಕಡ್ಡಿ ಯಾವುದು ಎಂದು ನೋಡಿದ ಕೂಡಲೇ ಹೇಳುವುದೂ ಹಾಗೇ. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಆ ಹೆಸರಿನ ಬೆಲೆ ನಮಗೂ ಸ್ವಲ್ಪ ಸಿಗಲಿ. ಸಂಘದಿಂದ ಖಾರದಪುಡಿ ಮಾಡುವುದು, ತುಂಡು ಹೊಲ ಲಾವಣಿಗೆ ಹಿಡಿದು ಬೀಜ ಬೆಳೆಯುವುದು ಇವನ್ನು ಯೋಚಿಸಿ.

3. ನಮ್ಮ ಹೆಸರಿನ ಹಣ: ಮೊದಲ ಹೆರಿಗೆಗೆ ಮಾತೃವಂದನಾ ಯೋಜನೆಯ 5,000 ರೂಪಾಯಿ ತಾಯಿಯ ಖಾತೆಗೇ ಬರುತ್ತದೆ. ಅಂಗನವಾಡಿಯಲ್ಲಿ ವಿಚಾರಿಸಿ. ಅಟಲ್ ಪಿಂಚಣಿಗೆ 18ರಿಂದ 40 ವರ್ಷದೊಳಗೇ ಸೇರಬೇಕು. ‘ಮಕ್ಕಳು ದೊಡ್ಡವರಾಗಲಿ, ಆಮೇಲೆ ನೋಡೋಣ’ ಅಂದರೆ ಬಾಗಿಲು ಮುಚ್ಚಿರುತ್ತದೆ.

4. ಮನೆಯಲ್ಲಿ ಪಾಲು: ನೀರು, ಅಡುಗೆ, ಮಗುವಿನ ಆರೈಕೆ ತಂದೆಯ ಕೆಲಸವೂ ಹೌದು. ಇದನ್ನು ಮನೆಯ ಯಜಮಾನರಿಗೂ ಓದಿ ಹೇಳಿ.

ಬೈಬಲಿನ ಜ್ಞಾನೋಕ್ತಿಗಳು 31ನೇ ಅಧ್ಯಾಯದ ಗುಣವತಿ ಮನೆವಾರ್ತೆ ನೋಡಿಕೊಳ್ಳುತ್ತಾಳೆ, ತಾನೇ ಹೊಲವನ್ನೂ ಕೊಳ್ಳುತ್ತಾಳೆ. ಎರಡೂ ಒಬ್ಬಳೇ ಹೆಣ್ಣುಮಗಳ ಕೆಲಸ ಎಂಬುದನ್ನು ಗಮನಿಸಿ.

ಸಂಘದಲ್ಲಿ ಚರ್ಚಿಸಿ:
- ಮಗು ಹುಟ್ಟುವ ಮೊದಲು ನಾನು ಯಾವ ಕೆಲಸ ಮಾಡುತ್ತಿದ್ದೆ? ಈಗ?
- ನನಗೆ ಐವತ್ತಾದಾಗ ಯಾವ ಕೆಲಸದಲ್ಲಿ ಇರಬೇಕು?
- ಅದಕ್ಕೆ ಈ ವರ್ಷ ಇಡುವ ಮೊದಲ ಹೆಜ್ಜೆ ಯಾವುದು?